ಗುಂಗಿನ ಹಾಡು ನಮ್ಮ ತೆಂಗಿನ ಸೀಮೆಗೆ ಎಷ್ಟು ದೂರ?

ಡ್ರೀಮ್ ಪಾಪ್ ಅಂತ ಒಂದು ಬಗೆಯ ಹಾಡಿದೆ. ಹೆಸರು ಇಂಗ್ಲಿಷಿನದು, ಬೆಳೆದದ್ದು ಬ್ರಿಟನ್ನಿನಲ್ಲಿ. ಇದರಲ್ಲಿ ಗಿಟಾರಿನ ತಂತಿಯನ್ನು ಒಮ್ಮೆ ಮೀಟಿದರೆ ಆ ದನಿ ಬೇಗ ಸಾಯುವುದಿಲ್ಲ. ಬಾವಿಗೆ ಬಗ್ಗಿ ಕೂಗಿದರೆ ನಮ್ಮ ಕೂಗು ನಮಗೇ ಸುತ್ತಿ ಬರುತ್ತದಲ್ಲ, ಹಾಗೆ ಸುತ್ತುತ್ತಲೇ ಇರುತ್ತದೆ. ಹಾಡುವವರ ಮಾತು ಆ ದನಿಯೊಳಗೆ ಅರ್ಧ ಮುಳುಗಿರುತ್ತದೆ. ಮಾತಿನ ಅರ್ಥಕ್ಕಿಂತ ಕೇಳಿದ ಮೇಲೆ ಉಳಿಯುವ ಗುಂಗೇ ಮುಖ್ಯ. ಅದಕ್ಕೇ ನಾವು ಇಲ್ಲಿ ಇದನ್ನು ‘ಗುಂಗಿನ ಹಾಡು’ ಅಂತ ಕರೆಯುತ್ತೇವೆ.

ಬೆಂಗಳೂರಿನಲ್ಲಿ ಇಂಥ ಹಾಡಿನ ಬ್ಯಾಂಡ್ ಕಟ್ಟಿ, ಸಿನಿಮಾದವರ ಹಂಗಿಲ್ಲದೆ ಆಲ್ಬಮ್ ಹೊರತಂದವರಿದ್ದಾರೆ. ತಿಪಟೂರಿನಲ್ಲಿ ರೈಲು ಹತ್ತಿದರೆ ಬೆಂಗಳೂರು ಅರ್ಧ ದಿನದ ದಾರಿಯೂ ಅಲ್ಲ. ಆದರೂ ಆ ಹಾಡು ನಮ್ಮ ತೋಟಗಳ ಕಡೆ ಹೆಚ್ಚು ಕೇಳಿಸುವುದಿಲ್ಲ. ನಮ್ಮ ಕಡೆಯ ದನಿಯೂ ಆ ಆಲ್ಬಮ್‌ಗಳಲ್ಲಿ ಹೆಚ್ಚು ಕೇಳಿಸುವುದಿಲ್ಲ. ಯಾಕೆ ಹೀಗೆ? ನೂರು ವರ್ಷದ ಇತಿಹಾಸ ನೋಡಿದರೆ ನಮಗೆ ಒಂದು ಉತ್ತರ ಕಾಣುತ್ತದೆ. ಯಾರ ಹಾಡು ಉಳಿಯಬೇಕು ಅನ್ನುವುದನ್ನು ಆಯಾ ಕಾಲದ ರೆಕಾರ್ಡಿಂಗ್ ಯಂತ್ರ ಮತ್ತು ಅದರ ಖರ್ಚು ತೀರ್ಮಾನ ಮಾಡುತ್ತಾ ಬಂದಿವೆ.

ಬಾಗಿಲು ತೆಗೆದವರು ನಮ್ಮ ಕಡೆಯವರೇ

ಇಂಗ್ಲಿಷ್ ಹಾಡಿನ ಗಾಳಿ ಬೀಸಿದರೆ ಕನ್ನಡ ಕೆಡುತ್ತದೆ ಅನ್ನುವವರು ಮೊದಲು ತುರುವೇಕೆರೆ ತಾಲ್ಲೂಕಿನ ಸಂಪಿಗೆಯನ್ನು ನೆನೆಯಬೇಕು. ಬಿ.ಎಂ. ಶ್ರೀಕಂಠಯ್ಯನವರು, ಅಂದರೆ ಬಿ.ಎಂ.ಶ್ರೀ, 1884ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಕೆಲಸ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರದ್ದು. 1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕ ಬಂತು. ಹೆಸರಲ್ಲಿ ಇಂಗ್ಲಿಷ್, ಒಳಗೆ ಅಚ್ಚ ಕನ್ನಡ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಅನ್ನುವ ಹಳೇ ಪ್ರಾಸದ ಕಟ್ಟನ್ನು ಅವರು ಸಡಿಲ ಮಾಡಿದರು. ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿದರು. ನ್ಯೂಮನ್ ಬರೆದ ಬೆಳಕಿನ ಪ್ರಾರ್ಥನೆಯ ಕನ್ನಡ ರೂಪವನ್ನು ನೀವು ಶಾಲೆಯಲ್ಲಿ ಹಾಡಿರಬಹುದು. ಅದು ಬಿ.ಎಂ.ಶ್ರೀ ಅವರದೇ. ಮುಂದೆ ಬಂದ ಭಾವಗೀತೆಗೆ ದಾರಿ ಮಾಡಿದ್ದು ಈ ಪುಸ್ತಕ.

ಇನ್ನೊಬ್ಬರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ, ಬಿ.ಎಂ.ಶ್ರೀ ಅವರ ಶಿಷ್ಯರು. ‘ಒಲುಮೆ’ ಅವರ ಪ್ರೇಮಗೀತೆಗಳ ಸಂಕಲನ. ಅವರ ದೊಡ್ಡ ಪುಸ್ತಕ ‘ಭಾರತೀಯ ಕಾವ್ಯಮೀಮಾಂಸೆ’. ಕಾಶ್ಮೀರದ ಆನಂದವರ್ಧನನ ಧ್ವನಿ ಸಿದ್ಧಾಂತವನ್ನು ಅದರಲ್ಲಿ ಕನ್ನಡದವರಿಗೆ ತಿಳಿಯುವ ಹಾಗೆ ವಿವರಿಸಿದರು. ಕವಿತೆಯಲ್ಲಿ ಮಾತು ನೇರವಾಗಿ ಹೇಳಿದ್ದಷ್ಟೇ ಅರ್ಥವಲ್ಲ, ಹೇಳದೇ ಹೊಳೆಯುವುದು ದೊಡ್ಡದು ಅನ್ನುವುದು ಆ ಸಿದ್ಧಾಂತ. ಅದಕ್ಕೆ ಹಳಬರು ಕೊಡುವ ಹೋಲಿಕೆ ಗಂಟೆಯದು. ಗಂಟೆ ಬಾರಿಸಿದ ಮೇಲೆ ಗುಂಯ್ ಅಂತ ಉಳಿಯುತ್ತದಲ್ಲ, ಅದು ಅನುರಣನ. ಇಂದಿನ ಗುಂಗಿನ ಹಾಡಿನವರು ಗಿಟಾರಿಗೆ ಪೆಟ್ಟಿಗೆ ಜೋಡಿಸಿ ಹುಡುಕುವುದೂ ಆ ಗುಂಯ್ ಅನ್ನುವ ಬಾಲವನ್ನೇ.

ಮೂರು ನಿಮಿಷದ ತಟ್ಟೆ

ಕಾಗದದ ಮೇಲಿನ ಹಾಡಿಗೆ ಯಂತ್ರ ಬೇಡ. ಕೇಳುವ ಹಾಡಿಗೆ ಬೇಕು. ಗ್ರಾಮಫೋನ್ ಕಂಪನಿ ಕಲ್ಕತ್ತೆಯಲ್ಲಿ ತಟ್ಟೆ ಒತ್ತುವ ಕಾರ್ಖಾನೆ ತೆರೆದದ್ದು 1908ರಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ನಾಟಕದ ಒಂದು ರಂಗಗೀತೆ ಅಷ್ಟರೊಳಗೆ ಮುಗಿಯುತ್ತಿತ್ತು. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯ ಕಾಲದ ಅಂಥ ಹಾಡುಗಳು ತಟ್ಟೆಗೆ ಒಗ್ಗುವಂಥವು. ಪಿ. ಕಾಳಿಂಗರಾಯರು ಭಾವಗೀತೆ ಮತ್ತು ಜನಪದ ಗೀತೆಗಳನ್ನು ಊರೂರಿಗೆ ಮುಟ್ಟಿಸಿದ್ದೂ ತಟ್ಟೆಯ ಕಾಲದಲ್ಲೇ.

ಆದರೆ ರಾತ್ರಿಯಿಡೀ ಹಾಡುವ ಹಟ್ಟಿಯ ಕತೆ ಮೂರು ನಿಮಿಷಕ್ಕೆ ಹೇಗೆ ಹಿಡಿದೀತು? ಸೋಮನ ಕುಣಿತಕ್ಕೆ ಬಾರಿಸುವ ಅರೆ ವಾದ್ಯವನ್ನು ಕಲ್ಕತ್ತೆಗೋ ಮದರಾಸಿಗೋ ಕರೆಸಿಕೊಳ್ಳುವವರು ಯಾರು? ತಟ್ಟೆಯ ಅಳತೆಗೆ ಸರಿಹೋದದ್ದು ಉಳಿಯಿತು. ಸರಿಹೋಗದ್ದು ಹಾಡುವವರ ಗಂಟಲಲ್ಲೇ ಉಳಿದು, ಅವರ ಜೊತೆಗೇ ಹೋಯಿತು.

ಕ್ಯಾಸೆಟ್ಟು ಮನೆಗೆ ಬಂತು

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಸಿನಿಮಾ ಇಲ್ಲದೆ, ನಾಟಕ ಇಲ್ಲದೆ, ಬರೀ ಕವಿತೆಯನ್ನೇ ಹಾಡಿ ಮಾರಬಹುದು ಅಂತ ಅದು ತೋರಿಸಿತು. ಇಂದಿನ ಮಾತಿನಲ್ಲಿ ಹೇಳಿದರೆ ಅದೂ ಒಂದು ಸ್ವತಂತ್ರ ಆಲ್ಬಮ್ಮೇ. ಆಮೇಲೆ ಸಿ. ಅಶ್ವಥ್ ಅವರು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೂ ಶಿಶುನಾಳ ಷರೀಫರ ತತ್ವಪದಗಳನ್ನೂ ಹಾಡಿದರು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಮದುವೆ ಶಾಮಿಯಾನದಿಂದ ಹಿಡಿದು ಬಸ್ಸಿನ ಡ್ರೈವರ್ ಸೀಟಿನ ತನಕ ಅದು ಹೋಯಿತು.

ಭಾವಗೀತೆಗೆ ಒಂದು ಕಟ್ಟುಪಾಡು ಇತ್ತು. ಕವಿಯ ಪ್ರತಿ ಅಕ್ಷರ ಸ್ಪಷ್ಟವಾಗಿ ಕೇಳಿಸಬೇಕು. ತಬಲ, ಕೊಳಲು, ಪಿಟೀಲು ಮಾತಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಲ್ಲಬೇಕು. ಇದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿತು. ಓದು ಬಾರದವರ ಮನೆಗೂ ಕವಿತೆ ಹೋಯಿತು. ಆದರೆ ದನಿಯೇ ಮುಂದೆ ನಿಂತು ಮಾತು ಹಿಂದೆ ಸರಿಯುವ ಹಾಡಿಗೆ ಅಲ್ಲಿ ಜಾಗ ಇರಲಿಲ್ಲ.

ಎಣ್ಣೆ ಕಾರ್ಖಾನೆ ಊರಿನ ಹುಡುಗರು

‘ನಿತ್ಯೋತ್ಸವ’ ಬಂದ ಮರುವರ್ಷ, 1979ರಲ್ಲಿ, ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಊರಿನಲ್ಲಿ ‘ಕಾಕ್ಟೋ ಟ್ವಿನ್ಸ್’ ಬ್ಯಾಂಡ್ ಹುಟ್ಟಿತು. ಅದು ಆಗ ಪೆಟ್ರೋಲ್ ಶುದ್ಧ ಮಾಡುವ ಕಾರ್ಖಾನೆಯ ಊರಾಗಿತ್ತು, ಸಂಗೀತದ ರಾಜಧಾನಿಯಲ್ಲ. ಅವರ ಜೊತೆ ಡ್ರಮ್ ಬಾರಿಸುವವರೂ ಇರಲಿಲ್ಲ. ತಾಳಕ್ಕೆ ಒಂದು ಯಂತ್ರ ಇಟ್ಟುಕೊಂಡರು. ರಾಬಿನ್ ಗತ್ರಿ ಗಿಟಾರಿನ ದನಿಯನ್ನು ಪೆಟ್ಟಿಗೆಗಳಲ್ಲಿ ಹಾಯಿಸಿ ಮಂಜಿನ ಹಾಗೆ ಹರಡಿದರು. ಎಲಿಜಬೆತ್ ಫ್ರೇಜರ್ ಹಾಡಿದ ಎಷ್ಟೋ ಮಾತು ಇಂಗ್ಲಿಷಿನವರಿಗೇ ಅರ್ಥವಾಗುತ್ತಿರಲಿಲ್ಲ. ಆದರೂ 1984ರ ‘ಟ್ರೆಷರ್’, 1990ರ ‘ಹೆವನ್ ಆರ್ ಲಾಸ್ ವೇಗಸ್’ ಆಲ್ಬಮ್‌ಗಳನ್ನು ಜನ ಇವತ್ತಿಗೂ ಕೇಳುತ್ತಾರೆ. ಡ್ರೀಮ್ ಪಾಪ್ ಅಂದರೆ ಮೊದಲು ಬರುವ ಹೆಸರು ಇವರದೇ. ‘ಫೋರ್ ಎ ಡಿ’ ಅನ್ನುವ ಒಂದು ಸಣ್ಣ ಸ್ವತಂತ್ರ ಕಂಪನಿ ಇವರ ಆಲ್ಬಮ್ ಹೊರತಂದಿತು.

ದೊಡ್ಡ ಊರು, ದೊಡ್ಡ ಮೇಳ, ದೊಡ್ಡ ಕಂಪನಿ ಯಾವುದೂ ಇಲ್ಲದೆ ಈ ಹಾಡು ಹುಟ್ಟಿತು ಅನ್ನುವುದನ್ನು ನಾವು ಮರೆಯಬಾರದು.

ಬೆಂಗಳೂರಿನ ಬ್ಯಾಂಡ್‌ಗಳು

ಕನ್ನಡದಲ್ಲಿ ಗಿಟಾರ್ ಹಿಡಿದು ಊರಿನ ಪದ ಹಾಡಿ ಹೆಸರು ಮಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಅದಕ್ಕೂ ಮೊದಲು ವರ್ಷಗಟ್ಟಲೆ ಯಾವ ಕಂಪನಿಯೂ ಕೈ ಹಿಡಿಯಲಿಲ್ಲ. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಕಂಪನಿಯಿಂದ ಹೊರತಂದರು. ಅಶ್ವಥ್ ಹಾಡಿದ್ದ ಷರೀಫರ ಪದಗಳೇ ಇಲ್ಲಿ ಗಿಟಾರ್, ಡ್ರಮ್‌ಗಳ ಜೊತೆ ಬಂದವು. 2010ರಲ್ಲಿ ರಘು ದೀಕ್ಷಿತ್ ಬಿಬಿಸಿ ಟಿವಿಯಲ್ಲಿ ಹಾಡಿದರು. ವಾಸು ದೀಕ್ಷಿತ್ ಅವರ ‘ಸ್ವರಾತ್ಮ’ ಬ್ಯಾಂಡಿನ ಮೊದಲ ಆಲ್ಬಮ್ 2009ರದು. ಹಿಂದಿಯ ಜೊತೆ ಕನ್ನಡವೂ ಅದರಲ್ಲಿತ್ತು.

ಇವೆರಡೂ ಕುಣಿಸುವ ಬ್ಯಾಂಡ್‌ಗಳು. ಗುಂಗಿನ ಕಡೆ ಹೋದವರು ಬೇರೆ. ‘ಲೌಂಜ್ ಪಿರಾನ್ಹಾ’ 2008ರಲ್ಲಿ ‘ಗೋಯಿಂಗ್ ನೋವೇರ್’ ಆಲ್ಬಮ್ ತಂದಿತು. ಅದರಲ್ಲಿ ಗಿಟಾರಿನ ದನಿ ನಿಧಾನಕ್ಕೆ ಏರುತ್ತಾ ಹರಡುತ್ತದೆ. ತನ್ವಿ ರಾವ್ ಮತ್ತು ರಾಹುಲ್ ಗಿರಿ ಇಬ್ಬರೇ ಸೇರಿ ಕಟ್ಟಿದ ‘ಸಲ್ಕ್ ಸ್ಟೇಷನ್’ 2012ರಲ್ಲಿ ‘ಟಿಲ್ ಯು ಅಪಿಯರ್’ ತಂದಿತು. ಕಂಪ್ಯೂಟರಿನ ನಿಧಾನ ತಾಳ, ಅದರ ಮೇಲೆ ಹಿಂದೂಸ್ತಾನಿ ಆಲಾಪದ ಛಾಯೆ. ಡ್ರೀಮ್ ಪಾಪ್‌ಗೆ ಬೆಂಗಳೂರಿನಲ್ಲಿ ತೀರಾ ಹತ್ತಿರದ ಹಾಡು ಅಂದರೆ ಇದೇ ಅನ್ನಬೇಕು. ಕಲ್ಕತ್ತೆಯ ‘ಪಾರೇಖ್ ಅಂಡ್ ಸಿಂಗ್’ ಜೋಡಿಯ ‘ಓಷನ್’ ಆಲ್ಬಮ್ 2016ರಲ್ಲಿ ಬ್ರಿಟನ್ನಿನ ಕಂಪನಿಯಿಂದಲೇ ಹೊರಬಂತು.

ಇವರು ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಗುಂಗಿನ ಹಾಡಿನ ಭಾಷೆ ಹೆಚ್ಚಾಗಿ ಇಂಗ್ಲಿಷೇ ಆಯಿತು, ಕೇಳುವವರು ಹೆಚ್ಚಾಗಿ ನಗರದವರೇ ಆದರು. ಕನ್ನಡದಲ್ಲಿ ಕುಣಿಯಲು ಹಾಡು ಬಂತು, ನೆನೆಯಲು ಹಾಡು ಬಂತು. ಸುಮ್ಮನೆ ಗುಂಗಿನಲ್ಲಿ ಕೂರಲು ಹಾಡು ಬೇಕಾದರೆ ಇಂಗ್ಲಿಷಿನ ಕಡೆ ಹೋಗಬೇಕು ಅನ್ನುವ ಹಾಗಾಯಿತು.

ಗಣೆ ಎಂಬ ಗುಂಗು

ಹಾಗಾದರೆ ನಮ್ಮ ಸೀಮೆಯಲ್ಲಿ ಗುಂಗು ಇಲ್ಲವೇ? ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಿಗೆ ಹೋಗಿ ನೋಡಿ. ಹಸು ಕಾಯ್ದ ವೀರ ಜುಂಜಪ್ಪನ ಕತೆಯನ್ನು ಗಣೆ ಊದಿಕೊಂಡು ಹೇಳುತ್ತಾರೆ. ಗಣೆ ಅಂದರೆ ಉದ್ದನೆಯ ಬಿದಿರ ಕೊಳಲು. ಕಚೇರಿಯ ಕೊಳಲನ್ನು ಗೇಣಿನಲ್ಲಿ ಅಳೆದರೆ ಇದನ್ನು ಮೊಳದಲ್ಲಿ ಅಳೆಯಬೇಕು. ಅಷ್ಟುದ್ದದ ಬಿದಿರಿನಲ್ಲಿ ಸ್ವರ ಸಣ್ಣಗೆ ಸಿಳ್ಳೆ ಹಾಕುವುದಿಲ್ಲ, ಉಸಿರಿನ ಸಮೇತ ದಪ್ಪಗೆ, ತಗ್ಗಿನಲ್ಲಿ ಬರುತ್ತದೆ. ರಾತ್ರಿ ಬಯಲಲ್ಲಿ ಕೇಳಿದರೆ ದನಿ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಕತೆಯ ಎಲ್ಲ ಮಾತು ಹೊರಗಿನವರಿಗೆ ಹಿಡಿಯುವುದೂ ಇಲ್ಲ. ಆದರೂ ಎದ್ದು ಬರಲು ಮನಸ್ಸಾಗುವುದಿಲ್ಲ.

ಗ್ರೇಂಜ್‌ಮೌತಿನವರು ಪೆಟ್ಟಿಗೆಯಿಂದ ತೆಗೆದ ಗುಂಗನ್ನು ಇವರು ಬಿದಿರಿನಿಂದ ತೆಗೆದಿದ್ದಾರೆ. ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ. ಒಂದು ಆಲ್ಬಮ್ಮು, ಇನ್ನೊಂದು ದೇವರ ಕಾರ್ಯ. ಆದರೆ ಕಿವಿ ಎರಡಕ್ಕೂ ಒಂದೇ. ಗಣೆ ಕೇಳಿ ಬೆಳೆದವರಿಗೆ ಗುಂಗಿನ ಹಾಡು ಪರದೇಶದ್ದು ಅನ್ನಿಸಬೇಕಾಗಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಗಣೆ ಊದುವವರಿಗೆ ವಯಸ್ಸಾಗಿದೆ. ಹುಡುಗರು ಗಾರ್ಮೆಂಟ್ಸು, ಡ್ರೈವಿಂಗು ಅಂತ ಬೆಂಗಳೂರು ಸೇರಿದ್ದಾರೆ. ತಟ್ಟೆಯ ಮೂರು ನಿಮಿಷಕ್ಕೆ ಗಣೆ ಹಿಡಿಯಲಿಲ್ಲ. ಮಾತು ಸ್ಪಷ್ಟವಾಗಿರಬೇಕು ಅನ್ನುತ್ತಿದ್ದ ಕ್ಯಾಸೆಟ್ಟಿಗೂ ಒಗ್ಗಲಿಲ್ಲ. ಸ್ಟುಡಿಯೋ ಬಾಡಿಗೆ ಕೊಡಲು ಹಟ್ಟಿಯವರ ಹತ್ತಿರ ದುಡ್ಡಿರಲಿಲ್ಲ.

ಈಗ ಯಂತ್ರ ಜೇಬಿನಲ್ಲಿದೆ

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹಳ್ಳಿ ಹುಡುಗರು ತಾವೇ ಹಾಡು ಬರೆದು, ಹಾಡಿ, ಯೂಟ್ಯೂಬಿಗೆ ಬಿಟ್ಟು ಬೆಂಗಳೂರಿನವರೂ ಕುಣಿಯುವ ಹಾಗೆ ಮಾಡಿದ್ದಾರೆ. ಅವರು ಯಾವ ಕಂಪನಿಯ ಬಾಗಿಲನ್ನೂ ಕಾಯಲಿಲ್ಲ. ತೆಂಗಿನ ಸೀಮೆಯವರು ಅದನ್ನೇ ನಕಲು ಮಾಡಬೇಕಿಲ್ಲ. ನಮ್ಮದು ಬೇರೆ ನಡೆ. ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಕೂತು, ನೀರು ಬತ್ತಿ, ಒಳಗೇ ಗಿಟುಕಾಗುವ ತನಕ ಕಾಯುವ ಜನ ನಾವು. ನಿಧಾನದ ಹಾಡು ನಮಗೆ ಕಷ್ಟವೇನಲ್ಲ.

ಆದರೆ ಒಂದು ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದನ್ನು ಮಾಡಿಸಿದವರದು, 60 ವರ್ಷ. ಹಾಡಿದವರಿಗೆ, ಊದಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ, 50 ವರ್ಷ. ನಾಳೆ ಯಾರಾದರೂ ಬಂದು ಅಜ್ಜನ ಗಣೆಯನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ತಮ್ಮ ಆಲ್ಬಮ್ಮಿಗೆ ಸೇರಿಸಿದರೆ, ಅಜ್ಜನ ಹೆಸರು, ಊರು, ಒಪ್ಪಿಗೆ ಮತ್ತು ಪಾಲು ಕಾಗದದ ಮೇಲೆ ಇರಬೇಕು. ಇಲ್ಲದಿದ್ದರೆ ದನಿ ಉಳಿಯುತ್ತದೆ, ಊದಿದವರ ಹೆಸರು ಅಳಿಯುತ್ತದೆ.

ಅದಕ್ಕೆ ಓದುಗರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಜಾತ್ರೆಗೋ ಹಟ್ಟಿ ಹಬ್ಬಕ್ಕೋ ಹೋದಾಗ ಮೊದಲು ಹಿರಿಯರ ಒಪ್ಪಿಗೆ ಕೇಳಿ. ದೇವರ ಕಾರ್ಯಕ್ಕೆ ಅಡ್ಡಿಯಾಗದ ಹೊತ್ತು ನೋಡಿ. ಮೈಕಿನ ಸದ್ದಿನಿಂದ ದೂರ ಕೂತು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಪದ ಮುಗಿಯುವ ತನಕ ಪೂರ್ತಿ ರೆಕಾರ್ಡ್ ಮಾಡಿ. ಊದಿದವರ ಹೆಸರು, ಊರು, ತಾರೀಖು ಬರೆದಿಡಿ. ಒಂದು ಪ್ರತಿ ಅವರ ಮನೆಯವರ ಫೋನಿಗೇ ಕಳಿಸಿ. ಊರಿನ ಹುಡುಗ ಹುಡುಗಿಯರು ಅದರ ಪಕ್ಕ ಗಿಟಾರ್ ಇಟ್ಟು ಕನ್ನಡದ ಗುಂಗಿನ ಆಲ್ಬಮ್ ಮಾಡುವುದು ಆಮೇಲಿನ ಮಾತು. ಮೊದಲು ಗಣೆಯ ದನಿ ಉಳಿಯಲಿ, ಊದಿದವರ ಹೆಸರಿನ ಸಮೇತ.