ಎತ್ತು ಎಳೆದ ರೈಲು, ಕೆಡವುವ ಮುನ್ನ ಒಂದು ನೋಟ

ವಡೋದರಾಕ್ಕೆ ಹತ್ತಿರದ ಹಳೆಯ ಕೋಟೆಯ ಊರು ಡಭೋಯಿ. 2021ರ ಜನವರಿ 17ರಂದು ಅಲ್ಲಿ ಹೊಸ ರೈಲು ನಿಲ್ದಾಣದ ಕಟ್ಟಡ ಉದ್ಘಾಟನೆಯಾಯಿತು. ಕೇವಡಿಯಾದ ಏಕತಾ ಪ್ರತಿಮೆಗೆ ಹೋಗುವ ಬ್ರಾಡ್‌ಗೇಜ್ ಮಾರ್ಗ ತೆರೆದದ್ದೂ ಅಂದೇ. ಊರಿಗೆ ಅನುಕೂಲವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಡಭೋಯಿಯಲ್ಲಿ ಭಾರತದ ನ್ಯಾರೋಗೇಜ್ ಚರಿತ್ರೆ ಶುರುವಾಗಿತ್ತು.

ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತು, ಗುಜರಾತಿನ ಹತ್ತಿಗೆ ಬೆಲೆ ಏರಿತ್ತು. ಸೂರತ್ ಕಡೆಯಿಂದ ಬಂದ ಬಿಬಿ ಅಂಡ್ ಸಿಐ ಕಂಪನಿಯ ಹಳಿ 1861ರಲ್ಲಿ ವಡೋದರಾ ಮುಟ್ಟಿತು, 1863ರಲ್ಲಿ ಅಹಮದಾಬಾದಿಗೂ ಹೋಯಿತು. ಆ ಮುಖ್ಯಮಾರ್ಗದ ಮಿಯಾಗಾಂ ನಿಲ್ದಾಣಕ್ಕೆ ಒಳನಾಡನ್ನು ಜೋಡಿಸಲು ಖಂಡೇರಾವ್ ಗಾಯಕವಾಡರ ಸಂಸ್ಥಾನ 1862ರಲ್ಲಿ ಡಭೋಯಿಯಿಂದ ಎರಡೂವರೆ ಅಡಿ ಅಗಲದ ಹಳಿ ಹಾಕಿಸಿತು. ಗಾಡಿ ಎಳೆದದ್ದು ಎತ್ತುಗಳು! ಮರುವರ್ಷ ನೀಲ್ಸನ್ ಕಂಪನಿಯ ಉಗಿ ಎಂಜಿನ್ ಬಂತು. ಹಗುರ ಹಳಿಗಳು ಅದರ ಭಾರ ತಾಳಲಿಲ್ಲ, ಮತ್ತೆ ಎತ್ತುಗಳೇ ಗತಿಯಾದವು. ಗಟ್ಟಿ ಹಳಿ ಬಿದ್ದದ್ದು 1873ರಲ್ಲಿ. ಮುಂದೆ ಡಭೋಯಿಯಿಂದ ಹಲವು ದಿಕ್ಕಿಗೆ ಪುಟ್ಟ ಹಳಿಗಳು ಹರಡಿದವು.

ಗೇಜ್ ಬದಲಾದಾಗ ಹಳಿಯೊಂದೇ ಹೋಗುವುದಿಲ್ಲ. ಪ್ಲಾಟ್‌ಫಾರಂ ಎತ್ತರವಾಗಬೇಕು, ಹಳಿಗಳ ನಡುವಿನ ಅಂತರ ಹೆಚ್ಚಬೇಕು. ಹಳೆಯ ಕಟ್ಟಡ ಅಡ್ಡಿಯಾಗುತ್ತದೆ. ಅದಕ್ಕೇ, ಬೀಗ ಜಡಿದು ಬಿಟ್ಟ ಸಣ್ಣ ನಿಲ್ದಾಣ ಎಲ್ಲಾದರೂ ಕಂಡರೆ ಅಪ್ಪಣೆ ಪಡೆದು ಒಮ್ಮೆ ಒಳಗೆ ನೋಡಿ. ಜಗಲಿಯ ಕಂಬ ಎಷ್ಟೋ ಕಡೆ ಹಳೆಯ ಹಳಿಯ ತುಂಡೇ ಆಗಿರುತ್ತದೆ. ಬಣ್ಣದ ಪದರದಡಿ ಕೈಯಾಡಿಸಿದರೆ ತಯಾರಕರ ಹೆಸರು, ಇಸವಿ ಉಬ್ಬಕ್ಷರದಲ್ಲಿ ಸಿಗಬಹುದು. ಕಟ್ಟಡಕ್ಕೆ ಶಾಸನ ಇಲ್ಲದಿದ್ದರೂ ಕಂಬವೇ ಶಾಸನ. ಗೂಡ್ಸ್ ಶೆಡ್ಡಿನ ನೆಲ ವ್ಯಾಗನ್ನಿನ ನೆಲದ ಮಟ್ಟಕ್ಕಿರುತ್ತದೆ. ಅದನ್ನು ಅಳೆದರೆ, ಹೋದ ಗಾಡಿಯ ಎತ್ತರ ತಿಳಿಯುತ್ತದೆ. ಟಿಕೆಟ್ ಕಿಂಡಿಯ ಅಗಲ, ತರಗತಿಗೊಂದರಂತೆ ಕಟ್ಟಿದ ಕಾಯುವ ಕೋಣೆಗಳು ಯಾರಿಗೆ ಎಷ್ಟು ಮರ್ಯಾದೆ ಇತ್ತೆಂದು ಹೇಳುತ್ತವೆ. ಇವು ಕಡತದಲ್ಲಿ ಇರುವುದಿಲ್ಲ. ಗೋಡೆ ಬಿದ್ದ ದಿನ ಇಲ್ಲವಾಗುತ್ತವೆ.

ನಮ್ಮಲ್ಲೂ ಇದೇ ಕಥೆ. ಯಲಹಂಕ–ಚಿಕ್ಕಬಳ್ಳಾಪುರದ ಹಳಿಯೂ ಒಂದು ಕಾಲಕ್ಕೆ ಎರಡೂವರೆ ಅಡಿಯದೇ. ಅದು ಬ್ರಾಡ್‌ಗೇಜ್ ಆದ ಮೇಲೂ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹೆಂಚಿನ ನಿಲ್ದಾಣಗಳು ನಿಂತಿದ್ದವು. ಪಾಳುಬಿದ್ದಿದ್ದ ಅವುಗಳಿಗೆ ಇಂಟ್ಯಾಕ್ ಮುಂದಾಳತ್ವದಲ್ಲಿ ಮರುಜೀವ ಬಂತು. ಉಳಿಸುವುದು ಸಾಧ್ಯ ಎಂಬುದಕ್ಕೆ ಅಷ್ಟು ಸಾಕು.

ಎಲ್ಲವನ್ನೂ ಉಳಿಸಲಾಗದು, ಒಪ್ಪೋಣ. ಆದರೆ ಕೆಡವುವ ಮುನ್ನ ಒಂದು ನಕ್ಷೆ, ಹತ್ತಾರು ಫೋಟೊ, ಅಲ್ಲಿ ದುಡಿದ ಪಾಯಿಂಟ್ಸ್‌ಮನ್ ಒಬ್ಬರ ಮಾತು ದಾಖಲಾಗಲಿ. ಅದಕ್ಕೆ ಒಂದು ದಿನ ಸಾಕು. ಎತ್ತು ರೈಲೆಳೆದ ಕಾಲದ ಬಗ್ಗೆ ಮೊಮ್ಮಗಳು ಕೇಳಿದಾಗ ತೋರಿಸಲು ನಮ್ಮಲ್ಲಿ ಏನಾದರೂ ಇರಬೇಡವೇ?