ಪಶುವೈದ್ಯರ ನೋಂದಣಿ ಮತ್ತು ವೃತ್ತಿ ನಿಯಂತ್ರಣ: ಬೆಂಗಳೂರಿನ ಹೊರವಲಯ

ಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಹಕ್ಕು ಯಾರಿಗಿದೆ, ಆ ಹಕ್ಕನ್ನು ಕೊಡುವವರು ಮತ್ತು ಹಿಂತೆಗೆದುಕೊಳ್ಳುವವರು ಯಾರು ಎಂಬುದನ್ನು ನಿರ್ಧರಿಸುವ ಕಾನೂನು ವ್ಯವಸ್ಥೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984. ರಾಜ್ಯದ ನೋಂದಣಿ ಪುಸ್ತಕವನ್ನು ಇಡುವುದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಪ್ರದೇಶಗಳ ಬಗ್ಗೆ ಬರೆಯುವಾಗ ವೈದ್ಯರ ನೋಂದಣಿ, ಕ್ಲಿನಿಕ್ಕಿನ ಉದ್ದಿಮೆ ಪರವಾನಗಿ, ನಾಯಿಗಳ ಸಂತಾನಹರಣ ಕೇಂದ್ರದ ಮಾನ್ಯತೆ ಈ ಮೂರನ್ನೂ ಒಂದೇ ಎಂಬಂತೆ ಹೇಳುವುದುಂಟು. ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು.

ಹಿನ್ನೆಲೆ

ಬ್ರಿಟನ್ನಿನ ಪಶುವೈದ್ಯರಿಗೆ ರಾಜಸನ್ನದು ಸಿಕ್ಕಿದ್ದು 1844ರಲ್ಲಿ, ಕಾಯ್ದೆಯ ರಕ್ಷಣೆ 1881ರಲ್ಲಿ. ಭಾರತದಲ್ಲಿ ಮೊದಲು ಬಂದವು ಕಾಲೇಜುಗಳು: ಲಾಹೋರ್ (1882), ಮುಂಬಯಿ (1886), ಮದರಾಸು (1903). ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯೂ 1958ರಲ್ಲಿ ಪಶುವೈದ್ಯಕೀಯ ಕಾಲೇಜೂ ಆರಂಭವಾದವು. ಓದಿ ಹೊರಬಂದವರಲ್ಲಿ ಬಹುಪಾಲು ಜನ ಸೇರುತ್ತಿದ್ದುದು ಸರ್ಕಾರಿ ಇಲಾಖೆಗೆ. ಹಾಗಾಗಿ ನೇಮಕಾತಿ ಆದೇಶವೇ ಅರ್ಹತೆಯ ಪುರಾವೆಯಾಗಿತ್ತು, ಇಲಾಖಾ ವಿಚಾರಣೆಯೇ ಶಿಸ್ತುಕ್ರಮವಾಗಿತ್ತು. ನೋಂದಣಿಗೆ ಪ್ರತ್ಯೇಕ ಕಾನೂನು ಮಾಡಿದ ರಾಜ್ಯಗಳಲ್ಲಿ ಮದರಾಸು ಒಂದು (1957). ಆದರೆ ಅಷ್ಟರಲ್ಲಿ ಅಲ್ಲಿಯವರೆಗೆ ಮದರಾಸಿನಲ್ಲಿದ್ದ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿಹೋಗಿದ್ದವು. ಮದರಾಸಿನ ಆ ಕಾಯ್ದೆಯನ್ನು ಕನ್ನಡ ಜಿಲ್ಲೆಗಳ ಇತಿಹಾಸಕ್ಕೆ ಸೇರಿಸುವುದು ಸರಿಯಲ್ಲ.

1984ರ ಕಾಯ್ದೆ

ಸಂವಿಧಾನದ ರಾಜ್ಯಪಟ್ಟಿಯ 15ನೇ ನಮೂದು ಪಶುವೈದ್ಯಕೀಯ ಶಿಕ್ಷಣವನ್ನೂ ವೃತ್ತಿಯನ್ನೂ ರಾಜ್ಯಗಳಿಗೆ ಬಿಟ್ಟಿದೆ. ಸಂಸತ್ತು ಇದರಲ್ಲಿ ನೇರವಾಗಿ ಕೈಹಾಕುವಂತಿರಲಿಲ್ಲ. 252ನೇ ವಿಧಿಯಂತೆ ಕೆಲವು ರಾಜ್ಯಗಳ ಶಾಸಕಾಂಗಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಕಾಯ್ದೆ ಬಂತು. ಮೊದಲು ಅದು ಅನ್ವಯಿಸಿದ್ದು ಹರಿಯಾಣ, ಬಿಹಾರ, ಒರಿಸ್ಸಾ, ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ತಮ್ಮದೇ ನಿರ್ಣಯದ ಮೂಲಕ ಸೇರಿಕೊಳ್ಳಬೇಕಿತ್ತು. 1984ರಿಂದಲೇ ದೇಶದಾದ್ಯಂತ ನೋಂದಣಿ ಕಡ್ಡಾಯವಾಯಿತೆಂಬ ಮಾತು ತಪ್ಪು. ಕೇಂದ್ರದ ಪರಿಷತ್ತು ರಚನೆಯಾದದ್ದೇ 1989ರ ಆಗಸ್ಟ್ 2ರಂದು.

ಕೇಂದ್ರದ ಪರಿಷತ್ತಿನ ಸದಸ್ಯರಲ್ಲಿ 11 ಮಂದಿಯನ್ನು ನೋಂದಾಯಿತ ವೈದ್ಯರೇ ಚುನಾಯಿಸುತ್ತಾರೆ. ನಡತೆ ಸಂಹಿತೆ 1992ರಲ್ಲಿ ಬಂತು. 2016ರ ಶಿಕ್ಷಣ ನಿಯಮಗಳು ಪದವಿಯನ್ನು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಕ್ಕೆ ಏರಿಸಿದವು. ರಾಜ್ಯದ ಪುಸ್ತಕದಲ್ಲಿ ಹೆಸರು ಬರೆಸಿದವರು ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಹೊರರಾಜ್ಯದಿಂದ ಬಂದವರು ತಮ್ಮ ನೋಂದಣಿಯನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

30ನೇ ಸೆಕ್ಷನ್ ಮತ್ತು ವಿವಾದ

ಅತಿ ಹೆಚ್ಚು ಜಗಳ ನಡೆದಿರುವುದು 30ನೇ ಸೆಕ್ಷನ್ ಮೇಲೆ. ವೃತ್ತಿ ನಡೆಸುವುದು, ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವುದು, ನ್ಯಾಯಾಲಯದಲ್ಲಿ ತಜ್ಞರಾಗಿ ಸಾಕ್ಷ್ಯ ಹೇಳುವುದು ನೋಂದಾಯಿತ ಪದವೀಧರರಿಗೆ ಮಾತ್ರ ಮೀಸಲು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರಿಗೆ ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ 'ಕಿರು ಸೇವೆ'ಗಳಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು, ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ. ಮಹಾರಾಷ್ಟ್ರದಲ್ಲಿ 1971ರ ರಾಜ್ಯ ಕಾಯ್ದೆಯಡಿ ವೃತ್ತಿ ಮಾಡುತ್ತಿದ್ದ ಡಿಪ್ಲೊಮಾದಾರರು ಇದನ್ನು ಪ್ರಶ್ನಿಸಿದರು. ಉದಯ್ ಸಿಂಗ್ ದಾಗರ್ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಕೇಂದ್ರದ ಕಾಯ್ದೆಯನ್ನೇ ಎತ್ತಿಹಿಡಿಯಿತು.

ತೀರ್ಪು ಸ್ಪಷ್ಟ, ಕೊಟ್ಟಿಗೆಯ ಪರಿಸ್ಥಿತಿ ಅಷ್ಟು ಸ್ಪಷ್ಟವಲ್ಲ. ಆನೇಕಲ್ ತಾಲೂಕಿನಲ್ಲಾಗಲಿ ವರ್ತೂರಿನ ಸುತ್ತಲಾಗಲಿ ಹಾಲು ಕರೆಯುವ ಮನೆಗೆ ಮೊದಲು ಬರುವವರು ಇಲಾಖೆಯ ಪಶುವೈದ್ಯಕೀಯ ಪರಿವೀಕ್ಷಕರೋ ಕೃತಕ ಗರ್ಭಧಾರಣೆ ಕಾರ್ಯಕರ್ತರೋ ಆಗಿರಬಹುದು. ಊರಿನವರ ಬಾಯಲ್ಲಿ ಅವರೂ 'ದನದ ಡಾಕ್ಟ್ರು'. ಮೇಲ್ವಿಚಾರಣೆ ಎಂದರೆ ವೈದ್ಯರು ಪಕ್ಕದಲ್ಲೇ ನಿಂತಿರಬೇಕೋ, ಫೋನಿನಲ್ಲಿ ಸಿಕ್ಕರೆ ಸಾಕೋ ಎಂಬುದನ್ನು ಸೆಕ್ಷನ್ ಬಿಡಿಸಿ ಹೇಳುವುದಿಲ್ಲ.

ಹೊರವಲಯದ ಬದಲಾವಣೆ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿತು. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಎರಡೂ 1970ರ ದಶಕದ ಕೂಸುಗಳು. ಅಪಾರ್ಟ್‌ಮೆಂಟುಗಳು ಎದ್ದಂತೆ ಹಟ್ಟಿಗಳು ಕರಗಿದವು, ನಾಯಿ ಬೆಕ್ಕುಗಳ ಖಾಸಗಿ ಕ್ಲಿನಿಕ್ಕುಗಳು ತೆರೆದವು. ಕಾಯ್ದೆಯ ದೊಡ್ಡ ಕೊರತೆ ಬೆಳಕಿಗೆ ಬಂದದ್ದು ಇಲ್ಲಿ: ಅದು ವೈದ್ಯರನ್ನು ನೋಂದಾಯಿಸುತ್ತದೆ, ಆಸ್ಪತ್ರೆಯನ್ನಲ್ಲ. ಮನುಷ್ಯರ ಖಾಸಗಿ ಆಸ್ಪತ್ರೆಗಳಿಗೆ ರಾಜ್ಯದಲ್ಲಿ 2007ರ ಕಾಯ್ದೆಯಿದೆ, ಪ್ರಾಣಿಗಳ ಆಸ್ಪತ್ರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಗಿರಾಕಿಗಳನ್ನು ಸೆಳೆಯಲು ಜಾಹೀರಾತು ಮಾಡಬಾರದೆಂದು ಸಂಹಿತೆ ವೈದ್ಯರಿಗೆ ಹೇಳುತ್ತದೆ. ಅವರನ್ನು ಸಂಬಳಕ್ಕಿಟ್ಟುಕೊಂಡ ಕಂಪನಿ ನೋಂದಣಿ ಪುಸ್ತಕದಲ್ಲೇ ಇಲ್ಲ.

ಈ ಕೊರತೆಯನ್ನು ಬೇರೆ ಇಲಾಖೆಗಳ ನಿಯಮಗಳು ತುಂಡುತುಂಡಾಗಿ ತುಂಬಿವೆ. ಪ್ರಾಣಿ ಆಸ್ಪತ್ರೆಯನ್ನು ಒಂದು ಸಂಸ್ಥೆಯಾಗಿ ಹೆಸರಿಸಿ ಹೊಣೆ ಹೊರಿಸಿದ್ದು, ವಿಚಿತ್ರವೆನಿಸಿದರೂ, ಕಸದ ನಿಯಮ. 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2016ರ ನಿಯಮಗಳೂ ಪಶುವೈದ್ಯ ಸಂಸ್ಥೆಗಳನ್ನು ಒಳಗೊಂಡಿವೆ. ಜಾರಿಯ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎಕ್ಸ್‌ರೇ ಯಂತ್ರದ ಮೇಲಿನ ಅಧಿಕಾರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು, ಉದ್ದಿಮೆ ಪರವಾನಗಿ ಸ್ಥಳೀಯ ಸಂಸ್ಥೆಯದು.

ಬೀದಿನಾಯಿಗಳದು ಇನ್ನೊಂದು ಎಳೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಗಿ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿಗಳು ನಗರಕ್ಕೆ ಸೇರಿದಾಗ ನಾಯಿಗಳ ಹೊಣೆಯೂ ಪಾಲಿಕೆಗೆ ಬಂತು. ಪಾಲಿಕೆಯ 2019ರ ಸಮೀಕ್ಷೆ ನಗರದಲ್ಲಿ ಸುಮಾರು 3.1 ಲಕ್ಷ, 2023ರದು ಸುಮಾರು 2.79 ಲಕ್ಷ ಬೀದಿನಾಯಿಗಳನ್ನು ಲೆಕ್ಕಹಾಕಿತು. 2001ರ ಸಂತಾನ ನಿಯಂತ್ರಣ ನಿಯಮಗಳ ಜಾಗಕ್ಕೆ 2023ರ ಮಾರ್ಚಿನಲ್ಲಿ ಬಂದ ಹೊಸ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ ನಡೆಸುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಒಬ್ಬರೇ ವೈದ್ಯರು ಬೆಳಿಗ್ಗೆ ಸಂತಾನಹರಣ ಕೇಂದ್ರದಲ್ಲಿ, ಸಂಜೆ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದರೆ ಅವರ ನೋಂದಣಿ ಒಂದೇ, ಎರಡು ಜಾಗಗಳ ಮೇಲಿನ ಕಾನೂನು ಬೇರೆ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶಕ್ಕಂತೂ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರವಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆಯಿತು. ಪರವಾನಗಿ ಕೊಡುವ ಕಚೇರಿ ಬದಲಾಯಿತು, ವೈದ್ಯರ ನೋಂದಣಿಗೆ ಇದರಿಂದ ಏನೂ ಆಗಲಿಲ್ಲ.

ದೂರು ಮತ್ತು ಪರಿಹಾರ

ದುರ್ನಡತೆ ಸಾಬೀತಾದರೆ ಹೆಸರನ್ನು ಪುಸ್ತಕದಿಂದ ತೆಗೆಯುವ ಅವಕಾಶ ಕಾಯ್ದೆಯಲ್ಲಿದೆ. ಸತ್ತ ಪ್ರಾಣಿಗೆ ಹಣದ ಪರಿಹಾರ ಬೇಕೆನ್ನುವವರು ಗ್ರಾಹಕರ ಆಯೋಗಕ್ಕೆ ಹೋಗಬೇಕು. ಅಲ್ಲಿ ವೈದ್ಯರ ಜೊತೆ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಬಹುದು. ಆದರೆ ಗ್ರಾಹಕ ಕಾಯ್ದೆ ಸಂಪೂರ್ಣ ಉಚಿತ ಸೇವೆಯನ್ನು ಸೇವೆಯೆಂದೇ ಪರಿಗಣಿಸುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಬಿಲ್ಲು ಕಟ್ಟಿ ನಾಯಿಗೆ ಚಿಕಿತ್ಸೆ ಕೊಡಿಸಿದವರಿಗೆ ಇರುವ ಈ ದಾರಿ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಬಿಡಿಗಾಸು ಕೊಡದೆ ಹಸುವಿಗೆ ಚಿಕಿತ್ಸೆ ಪಡೆದ ಆನೇಕಲ್ಲಿನ ರೈತರಿಗೆ ಇಲ್ಲ.