ಮಸ್ಕಿ ಮೇಲೆ ಹೋಗುವ ದಾರಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಸುಮಾರು 55 ಕಿಲೋಮೀಟರ್. ಹೆಚ್ಚೂಕಡಿಮೆ ನಡುಮಧ್ಯದಲ್ಲಿ ಮಸ್ಕಿ. ಈ ದಾರಿಯಲ್ಲಿ ಹೋಗುವವರಿಗೆ ಇವತ್ತು ಸಾರಿಗೆ ಸಂಸ್ಥೆಯ ಬಸ್ಸಿದೆ, ಸೀಟು ತುಂಬಿದ ಮೇಲಷ್ಟೇ ಹೊರಡುವ ಕ್ರೂಸರ್ ಇದೆ, ಹಳ್ಳಿಯಿಂದ ಹಳ್ಳಿಗೆ ಟಂಟಂ ಇದೆ, ಸ್ವಂತದ ಬೈಕಿದೆ. ರೈಲು ಮಾತ್ರ ಇಲ್ಲ. ಈ ಭಾಗದ ಯಾವ ಸಭೆಯಲ್ಲಿ ಕೂತರೂ ಕೇಳಿಬರುವ ಮಾತೊಂದಿದೆ: ನಿಜಾಮನ ಕಾಲದಲ್ಲೂ ರೈಲು ಬರಲಿಲ್ಲ, ಆಮೇಲೂ ಬರಲಿಲ್ಲ, ಅದಕ್ಕೇ ನಾವು ಹಿಂದುಳಿದೆವು. ಮಾತಿನಲ್ಲಿ ನೋವಿದೆ, ನಿಜವೂ ಸ್ವಲ್ಪ ಇದೆ. ಆದರೆ ಈ ಮೂರೂ ಊರುಗಳ ಸಂಚಾರದ ಚರಿತ್ರೆಯನ್ನು ಉದ್ದಕ್ಕೂ ಹಿಡಿದು ನೋಡಿದರೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ. ಯಾವ ವಾಹನ ಬಂತು, ಯಾವುದು ಬರಲಿಲ್ಲ ಎಂಬುದಕ್ಕಿಂತ ದಾರಿ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೇ ಇಲ್ಲಿ ಹೆಚ್ಚಿನದನ್ನು ನಿರ್ಧರಿಸಿದೆ. ಬಹುಕಾಲ ಇದು ಉತ್ತರ ದಕ್ಷಿಣದ ದಾರಿಯಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಪೂರ್ವಕ್ಕೆ, ರಾಯಚೂರಿನ ಕಡೆಗೆ ತಿರುಗಿಸಲಾಯಿತು. ಕಾಲುವೆಯ ನೀರು ಮತ್ತು ಲಾರಿಯ ಚಕ್ರ ಅದನ್ನು ಮತ್ತೆ ಹಳೆಯ ದಿಕ್ಕಿಗೆ ತಂದವು.

ಮೊದಲು ಹಳೆಯ ಸಾಕ್ಷ್ಯ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಶಾಲೆಯ ಪಾಠದಲ್ಲಿ ಇಷ್ಟು ಬಂದೇ ಬರುತ್ತದೆ. ಆ ಬಂಡೆ ಅಲ್ಲಿಯೇ ಏಕಿದೆ ಎಂದು ಕೇಳುವವರು ಕಡಿಮೆ. ನಕ್ಷೆ ತೆಗೆದು ನೋಡಿ. ಭೀಮಾ ದಂಡೆಯ ಸನ್ನತಿ, ಅದರ ದಕ್ಷಿಣಕ್ಕೆ ಮಸ್ಕಿ, ತುಂಗಭದ್ರೆ ದಾಟಿದರೆ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳ, ಇನ್ನೂ ಕೆಳಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಈಗ 150ಎ ರಾಷ್ಟ್ರೀಯ ಹೆದ್ದಾರಿಯ ಊರುಗಳನ್ನು ಓದಿ: ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ. ಶಾಸನದ ಊರುಗಳು ಹೆದ್ದಾರಿಯ ಆಚೀಚೆ ಕೆಲವು ಹರದಾರಿ ಸರಿದಿವೆ, ಆದರೆ ಸಾಲು ಒಂದೇ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಅದೇ ಸೀಮೆಯ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಹೋದ ಸಂದೇಶ. ಸುವರ್ಣಗಿರಿ ಎಂದರೆ ಮಸ್ಕಿಯೋ ಕನಕಗಿರಿಯೋ ಜೊನ್ನಗಿರಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಯಾವುದೇ ಆದರೂ ಸಂದೇಶ ಬಡಗಣದಿಂದ ತೆಂಕಣಕ್ಕೆ ಇಳಿದದ್ದು ನಿಜ.

ಇದಕ್ಕೆ ಆಕ್ಷೇಪ ಬರಬೇಕು. ಶಾಸನಗಳು ದಾರಿಯನ್ನಲ್ಲ, ಚಿನ್ನವನ್ನು ಅನುಸರಿಸಿದವು; ಮಸ್ಕಿ, ಹಟ್ಟಿಯ ಸುತ್ತ ಪ್ರಾಚೀನ ಗಣಿಗಳ ಗುರುತುಗಳಿವೆ; ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳು ಈ ಸಾಲಿಗೆ ಸೇರುವುದೂ ಇಲ್ಲ. ಎರಡೂ ಸರಿಯಾದ ಮಾತೇ. ಆದರೆ ಚಿನ್ನ ಗಣಿಯಲ್ಲೇ ಉಳಿಯುವ ವಸ್ತುವಲ್ಲ. ಅದನ್ನು ಒಯ್ಯುವವರಿಗೆ ದಾರಿ ಬೇಕು, ದಾರಿಯಲ್ಲಿ ಮೇವು ನೀರು ಬೇಕು, ಹೊಳೆ ದಾಟಲು ಕಡವು ಬೇಕು. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಹಿಡಿದು ಪದರ ಪದರವಾಗಿ ಜನವಸತಿ ಕಂಡುಬಂತು. ಗಣಿಯ ಗುಡಿಸಲಿಗೆ ಅಷ್ಟು ದೀರ್ಘ ಆಯುಸ್ಸು ಇರುವುದಿಲ್ಲ. ಕೊಪ್ಪಳದ ಶಾಸನಗಳಿಂದ ತಿಳಿಯುವುದೇನೆಂದರೆ ಪಶ್ಚಿಮಕ್ಕೂ ಒಂದು ಕವಲು ಇತ್ತು ಎಂದಷ್ಟೇ.

ದೋಆಬಿನ ಯುದ್ಧಗಳ ಕಾಲಕ್ಕೆ ಬಂದರೆ ದಿಕ್ಕಿನ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ಬಹಮನಿ ಮತ್ತು ವಿಜಯನಗರ ಮತ್ತೆ ಮತ್ತೆ ಕಾದಾಡಿದವು. 1406ರಲ್ಲಿ ಒಂದನೇ ದೇವರಾಯನ ಕುದುರೆ ದಂಡು ಹೊಳೆ ದಾಟಿ ಮುದಗಲ್ಲಿಗೆ ನುಗ್ಗಿದ ಕಥೆಯನ್ನು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಸೈನ್ಯ ತೆಂಕಣದಿಂದ ಬಡಗಣಕ್ಕೆ, ಇಲ್ಲವೇ ಬಡಗಣದಿಂದ ತೆಂಕಣಕ್ಕೆ. ಸೈನ್ಯದ ಹಿಂದೆ ಲಂಬಾಣಿಗರ ಹೇರೆತ್ತಿನ ಸಾಲು. ಇಲ್ಲಿ ವಾಹನಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಸಿಂಧನೂರು, ಮಸ್ಕಿಯ ಸುತ್ತ ಬಹುಪಾಲು ಎರೆಭೂಮಿ. ಬೇಸಿಗೆಯಲ್ಲಿ ಅದು ಬಿರಿದು ಗಟ್ಟಿಯಾಗಿ ಬಂಡಿಗೆ ಒಳ್ಳೆಯ ಹಾದಿ. ಎರಡು ಮಳೆ ಬಿದ್ದರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ಗಾಲಿ ತಿರುಗುವುದನ್ನೇ ಬಿಟ್ಟು, ನೊಗ ಹೊತ್ತ ಎತ್ತು ಅಲ್ಲೇ ಕೂರುತ್ತದೆ. ಬಂಡಿ ಹೆಚ್ಚು ಹೊರುತ್ತದೆ, ಆದರೆ ಅದಕ್ಕೆ ದಾರಿಯೇ ಬೇಕು. ಹೇರೆತ್ತು ಕಡಿಮೆ ಹೊರುತ್ತದೆ, ಆದರೆ ಕಾಲಿಡಲು ಜಾಗ ಇದ್ದರೆ ಸಾಕು, ಹೋಗುತ್ತಲೇ ಮೇಯುತ್ತದೆ. ನೂರು ಬಂಡಿಗಿಂತ ಸಾವಿರ ಎತ್ತು ಅಗ್ಗ ಎಂಬ ಲೆಕ್ಕ ಈ ನೆಲದ ಲೆಕ್ಕ. ಹೊಳೆಗೆ ಹರಿಗೋಲು. ತೊಗಲು ಹೊದಿಸಿದ ಆ ಬುಟ್ಟಿದೋಣಿಗಳು ಗಿರಗಿರ ತಿರುಗುತ್ತ ಜನರನ್ನೂ ದನವನ್ನೂ ದಾಟಿಸುತ್ತಿದ್ದುದನ್ನು ಪೋರ್ಚುಗೀಸ್ ಯಾತ್ರಿಕ ಪಾಯೆಸ್ ಹದಿನಾರನೇ ಶತಮಾನದಲ್ಲೇ ಆನೆಗೊಂದಿಯ ಬಳಿ ನೋಡಿ ಬರೆದಿಟ್ಟಿದ್ದಾನೆ. ಇಂದಿಗೂ ಲಿಂಗಸುಗೂರು, ಮಸ್ಕಿ ತಾಲ್ಲೂಕಿನ ತಾಂಡಾಗಳಲ್ಲಿ ಬದುಕಿರುವವರು ಆ ಹೇರೆತ್ತಿನ ಸಾಗಾಣಿಕೆಯ ಕಸುಬು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು.

ದಾರಿ ತಿರುಗಿದ್ದು ಒಂದೇ ಏಟಿಗಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ತುಂಗಭದ್ರೆ ಎರಡು ಆಳ್ವಿಕೆಗಳ ಗಡಿ. ಆಚೆ ಮದ್ರಾಸಿನ ಕಲೆಕ್ಟರು, ಈಚೆ ಹೈದರಾಬಾದಿನ ತಾಲೂಕುದಾರ. ಈಚೆಗೆ ಹಾಲಿ ಸಿಕ್ಕಾ ರೂಪಾಯಿ, ಆಚೆಗೆ ಕಂಪನಿಯ ರೂಪಾಯಿ. ನಡುವೆ ಕರೋಡಗಿರಿಯ ಸುಂಕ. ಆದರೂ ದಾರಿ ಸಾಯಲಿಲ್ಲ, ಏಕೆಂದರೆ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ ಇತ್ತು. 1853ರಿಂದ 1860ರವರೆಗೆ ರಾಯಚೂರು ದೋಆಬು ಇಂಗ್ಲಿಷರ ವಶದಲ್ಲೇ ಇತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ಅರಸ ವೆಂಕಟಪ್ಪನಾಯಕನ ಮೇಲೆ ಇಂಗ್ಲಿಷರ ದಂಡು ಹೊರಟಾಗ ಲಿಂಗಸುಗೂರಿನ ತುಕಡಿ ಒಂದು ಕಡೆಯಿಂದ, ಬಳ್ಳಾರಿಯ ಕಡೆಯ ಮದ್ರಾಸ್ ಸೈನ್ಯ ಇನ್ನೊಂದು ಕಡೆಯಿಂದ ಬಂದವು. ಹಳೆಯ ಉತ್ತರ ದಕ್ಷಿಣದ ದಾರಿಗೆ ಸಿಕ್ಕ ಕೊನೆಯ ದೊಡ್ಡ ಕೆಲಸ ಬಹುಶಃ ಅದೇ. 1860ರಲ್ಲಿ ದೋಆಬು ನಿಜಾಮನಿಗೆ ಮರಳಿತು. 1871ರಲ್ಲಿ ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದವು. ಇಲ್ಲಿಂದ ಲೆಕ್ಕವೇ ಬದಲಾಯಿತು. ಇಲ್ಲಿನ ಹತ್ತಿಗೆ ಬೆಲೆ ಸಿಗುವುದು ರೈಲಿನ ಬಾಯಲ್ಲಿ. ದಿನಕ್ಕೆ ನಾಲ್ಕೈದು ಹರದಾರಿ ನಡೆಯುವ ಬಂಡಿಗೆ ಸಿಂಧನೂರಿನಿಂದ ರಾಯಚೂರು ಮೂರು ನಾಲ್ಕು ದಿನದ ಹಾದಿ, ಆದರೂ ರೈತ ಅಲ್ಲಿಗೇ ಹೋಗಬೇಕು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನೇ ಒಡೆದರು. ಹೌದು, ಲಿಂಗಸುಗೂರು ಒಂದು ಜಿಲ್ಲೆಯ ಹೆಸರಾಗಿತ್ತು, ಇದನ್ನು ಇವತ್ತು ಎಷ್ಟು ಜನ ನೆನೆಯುತ್ತಾರೋ. ಸುರಪುರ, ಶಹಾಪುರ ಗುಲಬರ್ಗಾಕ್ಕೆ ಹೋದವು, ಲಿಂಗಸುಗೂರು ರಾಯಚೂರಿಗೆ ಸೇರಿತು. ತೆಂಕಣದ ಹೊಳೆ ಮೊದಲೇ ಗಡಿಯಾಗಿತ್ತು, ಈಗ ಬಡಗಣದ ಹೊಳೆಯೂ ಗಡಿಯಾಯಿತು. ಎರಡೂ ಕಡೆ ಮುಚ್ಚಿದ ಮೇಲೆ ಉಳಿದದ್ದು ಪೂರ್ವದ ಬಾಗಿಲು ಒಂದೇ.

ಮೋಟಾರು ಬಂದಾಗಲೂ ಈ ಬಾಗಿಲು ಬದಲಾಗಲಿಲ್ಲ. 1932ರ ಜೂನಿನಲ್ಲಿ ನಿಜಾಮ್ ಸರ್ಕಾರ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಉದಾಹರಣೆಗಳಲ್ಲಿ ಅದು ಒಂದು, ಹೆಮ್ಮೆಪಡುವಂಥದ್ದೇ. ಆದರೆ ಇಲಾಖೆಯ ಹೆಸರು ಗಮನಿಸಿ: ನಿಜಾಮ್ಸ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ. ಬಸ್ಸು ರೈಲಿನ ಮನೆಯಲ್ಲಿ ಹುಟ್ಟಿದ ಕೂಸು. ರೈಲಿಗೆ ಎದುರಾಗಿ ಓಡುವುದು ಅದರ ಕೆಲಸವಲ್ಲ, ರೈಲಿಗೆ ಜನರನ್ನು ತಂದು ಮುಟ್ಟಿಸುವುದು. ಅಂಥ ವ್ಯವಸ್ಥೆಯಲ್ಲಿ ಹಳಿ ಇಲ್ಲದ ಎರಡು ಊರುಗಳ ನಡುವೆ ಜನ ಏಕೆ ಓಡಾಡಬೇಕು ಎಂಬ ಪ್ರಶ್ನೆ ಯಾರ ತಲೆಯಲ್ಲೂ ಹುಟ್ಟುವುದಿಲ್ಲ.

ಮತ್ತೆ ತಿರುಗಿಸಿದ್ದು ನೀರು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಿತು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ರಾಯಚೂರೂ ಬಂತು. ಒಂದೂವರೆ ಶತಮಾನದ ನಂತರ ಹೊಳೆಯ ಎರಡು ದಡಗಳೂ ಒಂದೇ ರಾಜ್ಯದಲ್ಲಿ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯ ಎರೆಹೊಲಗಳನ್ನು ಗದ್ದೆ ಮಾಡಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳಾದವು. ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಷೋರೂಮು, ಲಾರಿ ಒಂದರ ಹಿಂದೆ ಒಂದು ಬಂದವು. ಹತ್ತಿಯಂತೆ ಅಕ್ಕಿ ರಾಯಚೂರಿನ ಸ್ಟೇಷನ್ನಿಗಾಗಿ ಕಾಯಲಿಲ್ಲ. ಗಿರಣಿಯ ಬಾಗಿಲಲ್ಲೇ ಲಾರಿ ತುಂಬಿ ದಕ್ಷಿಣಕ್ಕೆ ಬಳ್ಳಾರಿ, ಬೆಂಗಳೂರಿನ ಕಡೆಗೋ ಉತ್ತರಕ್ಕೆ ಲಿಂಗಸುಗೂರು ದಾಟಿಯೋ ಹೋಯಿತು. ಲಿಂಗಸುಗೂರಿಗೆ ಹಟ್ಟಿಯ ಗಣಿ ಮೊದಲೇ ಇತ್ತು, 1982ರ ನಾರಾಯಣಪುರ ಅಣೆಕಟ್ಟಿನಿಂದ ಕೃಷ್ಣೆಯ ನೀರೂ ಬಂತು. ಮಸ್ಕಿಯ ಪಾಲಿಗೆ ಎರಡೂ ಕಾಲುವೆಗಳ ಪೂರ್ಣ ಭಾಗ್ಯ ಸಿಗಲಿಲ್ಲ. ಆ ಊರು ಬೆಳೆದದ್ದು ದಾರಿಯ ನಡುವೆ ಇದ್ದುದರಿಂದ, ನಾಲ್ಕೂ ಕಡೆಯ ಹಳ್ಳಿಯವರು ಅಲ್ಲಿ ಬಸ್ಸು ಹಿಡಿಯುತ್ತಿದ್ದುದರಿಂದ. 2018ರಲ್ಲಿ ಅದು ತಾಲ್ಲೂಕಾದಾಗ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನೇ ಕೂಡಿಸಿ ಮಾಡಿದರು. ಬಸ್ ನಿಲ್ದಾಣ ಮೊದಲು, ತಹಶೀಲ್ದಾರ ಕಚೇರಿ ಆಮೇಲೆ. ಇದೇ ದಾರಿ ಗುಳೆಯ ದಾರಿಯೂ ಹೌದು ಎಂಬುದನ್ನು ಬಿಡುವಂತಿಲ್ಲ. ನೀರು ಮುಟ್ಟದ ಹಳ್ಳಿಗಳಿಂದ ಗಂಟು ಮೂಟೆ, ಮಕ್ಕಳ ಸಮೇತ ಬೆಂಗಳೂರಿಗೆ ಹೊರಟವರನ್ನು ಒಯ್ಯುವುದು ಈ ದಾರಿಯ ರಾತ್ರಿ ಬಸ್ಸುಗಳೇ.

ರೈಲು ಮೊದಲೇ ಬಂದಿದ್ದರೆ ಇದೆಲ್ಲ ಐವತ್ತು ವರ್ಷ ಮುಂಚೆಯೇ ಆಗುತ್ತಿತ್ತು ಎನ್ನುವವರಿದ್ದಾರೆ. ಉತ್ತರವಾಗಿ ಪ್ರಾದೇಶಿಕ ಅಸಮತೋಲನದ ಬಗೆಗಿನ 2002ರ ನಂಜುಂಡಪ್ಪ ಸಮಿತಿಯ ವರದಿಯನ್ನು ತೆರೆಯಬಹುದು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸಿಂಧನೂರು ಇದೆ, ಲಿಂಗಸುಗೂರು ಇದೆ. ಅದೇ ಪಟ್ಟಿಯಲ್ಲಿ ಹತ್ತೊಂಬತ್ತನೇ ಶತಮಾನದಿಂದಲೂ ಮುಂಬಯಿ ಮದ್ರಾಸ್ ರೈಲು ಓಡುತ್ತಿರುವ ಯಾದಗಿರಿ ಇದೆ, ವಾಡಿ ಜಂಕ್ಷನ್ನನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಚಿತ್ತಾಪುರವೂ ಇದೆ. ನೂರಿಪ್ಪತ್ತು ಮೂವತ್ತು ವರ್ಷ ಪಕ್ಕದಲ್ಲೇ ರೈಲು ಹೋದರೂ ಊರು ಮೇಲೇಳದೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಪಟ್ಟಿ ಶಾಲೆ, ಆಸ್ಪತ್ರೆ, ನೀರಾವರಿ ಮುಂತಾದ ಹಲವು ಅಳತೆಗಳನ್ನು ಕೂಡಿಸಿ ಮಾಡಿದ್ದು, ಸಾರಿಗೆಯ ತೀರ್ಪಲ್ಲ ಎಂದರೆ ಒಪ್ಪುತ್ತೇನೆ. ನನ್ನ ವಾದವೂ ಅಷ್ಟೇ: ರೈಲಿನ ಗೈರುಹಾಜರಿಯ ಮೇಲೆ ಎಲ್ಲ ಹೊರೆ ಹೊರಿಸಿದರೆ ಉಳಿದ ಅಳತೆಗಳಿಗೆ ಉತ್ತರ ಕೊಡಬೇಕಾದವರು ಸುಲಭವಾಗಿ ಪಾರಾಗುತ್ತಾರೆ.

ಈಗ ರೈಲೂ ಬರುತ್ತಿದೆ, ಒಂದಲ್ಲ ಎರಡು. 1997-98ರಲ್ಲಿ ಮಂಜೂರಾದ ಮುನಿರಾಬಾದ್ ಮಹಬೂಬನಗರ ಮಾರ್ಗ ಗಂಗಾವತಿ, ಕಾರಟಗಿ ದಾಟಿ 2024ರ ಮಾರ್ಚಿನಲ್ಲಿ ಸಿಂಧನೂರು ಮುಟ್ಟಿತು. ಮುಂದೆ ಅದು ರಾಯಚೂರಿನತ್ತ ಹೋಗಬೇಕು. ಗದಗ ವಾಡಿ ಮಾರ್ಗದಲ್ಲಿ ತಳಕಲ್ಲಿನಿಂದ ಕುಷ್ಟಗಿವರೆಗೆ 2025ರ ಮೇ ತಿಂಗಳಲ್ಲಿ ರೈಲು ಓಡಿತು. ಅದು ಲಿಂಗಸುಗೂರು, ಸುರಪುರ, ಶಹಾಪುರದ ಮೇಲೆ ವಾಡಿಗೆ ಸೇರಬೇಕು. ಎರಡೂ ಹಳಿಗಳು ಪಶ್ಚಿಮದಿಂದ ಪೂರ್ವಕ್ಕೆ, ಈಶಾನ್ಯಕ್ಕೆ ಹೋಗುವವು. ಮಸ್ಕಿ ಎರಡರಲ್ಲೂ ಇಲ್ಲ. ಎಲ್ಲ ಮುಗಿದ ಮೇಲೆ ಸಿಂಧನೂರಿನವರು ಲಿಂಗಸುಗೂರಿಗೆ ರೈಲಿನಲ್ಲೇ ಹೋಗುತ್ತೇನೆಂದು ಹಠ ಹಿಡಿದರೆ ಗಂಗಾವತಿ, ಗಿಣಿಗೇರಾ, ಕೊಪ್ಪಳ, ತಳಕಲ್, ಕುಷ್ಟಗಿ ಸುತ್ತಿ, 55 ಕಿಲೋಮೀಟರಿನ ಹಲವು ಪಟ್ಟು ಪ್ರಯಾಣ ಮಾಡಬೇಕಾದೀತು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವವರಿಗೆ ರೈಲು ದೊಡ್ಡ ಅನುಕೂಲ, ಅಕ್ಕಿ ಗಿರಣಿಯವರಿಗೆ ವ್ಯಾಗನ್ನಿನ ಬಾಡಿಗೆ ಲಾರಿಗಿಂತ ಕಡಿಮೆ ಬಿದ್ದೀತು. ಇದನ್ನು ಅಲ್ಲಗಳೆಯಲಾಗದು. ಆದರೆ ಮಸ್ಕಿಯ ಹುಡುಗಿ ಸಿಂಧನೂರಿನ ಕಾಲೇಜಿಗೆ, ಲಿಂಗಸುಗೂರಿನ ಹಳ್ಳಿಯ ರೋಗಿ ಸಿಂಧನೂರಿನ ದವಾಖಾನೆಗೆ ಹೋಗುವುದು ಬಸ್ಸಿನಲ್ಲೇ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ದರವನ್ನೇ ತೆಗೆದುಹಾಕಿದ ಮೇಲೆ ಕ್ರೂಸರ್, ಟಂಟಂಗಳ ಜೊತೆಗಿನ ಹೋಲಿಕೆಯೇ ಬದಲಾಗಿದೆ: ಅವು ಈಗ ದರದಲ್ಲಿ ಗೆಲ್ಲಲಾರವು, ಬಸ್ಸು ಹೋಗದ ಹಳ್ಳಿಗೆ, ಬಸ್ಸಿಲ್ಲದ ಹೊತ್ತಿಗೆ ಹೋಗಿ ಬದುಕಬೇಕು. ಹೀಗಿರುವಾಗ ಹೊಸ ಸ್ಟೇಷನ್ನುಗಳ ವೇಳಾಪಟ್ಟಿ ಮಾಡುವವರು 1932ರ ಲೆಕ್ಕವನ್ನೇ ಮತ್ತೆ ಹಾಕಿ, ಇರುವ ಬಸ್ಸುಗಳನ್ನು ಸ್ಟೇಷನ್ನಿನ ಕಡೆಗೆ ತಿರುಗಿಸಿ ಮಸ್ಕಿ ಮೇಲಿನ ಟ್ರಿಪ್ಪುಗಳನ್ನು ಕಡಿಮೆ ಮಾಡುತ್ತಾರೋ, ಅಥವಾ ಸ್ಟೇಷನ್ನಿಗೆ ಬೇರೆ ಬಸ್ಸು ಕೊಡುತ್ತಾರೋ ಎಂಬುದನ್ನು ಈ ಮೂರೂ ಊರುಗಳ ಜನ ಈಗಲೇ ಕೇಳಬೇಕಾಗಿದೆ.